ರೂಮಿಯ ತೋಳಿನ ಗೆರೆಗಳು: ಮುಚ್ಚಿಟ್ಟ ನಾಚಿಕೆಯನ್ನು ಹಂತ ಹಂತವಾಗಿ ಬಿಚ್ಚುವುದು ಹೇಗೆ

'ಕೆ-ಪಾಪ್ ಡೀಮನ್ ಹಂಟರ್ಸ್' ಎಂಬ ಅನಿಮೇಷನ್ ಚಿತ್ರದಲ್ಲಿ, ಸ್ನಾನಗೃಹಕ್ಕೆ ಹೋಗೋಣ ಬಾ ಎಂದು ಜೊತೆಗಾತಿಯರಾದ ಮೀರಾ, ಜೋಯಿ ಕರೆದಾಗಲೆಲ್ಲ ರೂಮಿ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ಕೊರಿಯಾದ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹೆಂಗಸರು ಹೆಂಗಸರ ಕಡೆ, ಗಂಡಸರು ಗಂಡಸರ ಕಡೆ ಬಟ್ಟೆ ಕಳಚಿಯೇ ನೀರಿಗಿಳಿಯುವುದು ರೂಢಿ. ರೂಮಿಯ ತೋಳು, ಹೆಗಲ ಮೇಲೆ ನೇರಳೆ ಗೆರೆಗಳಿವೆ. ಅವು ರಾಕ್ಷಸರ ಗುರುತು. ಹಗಲು ವೇದಿಕೆಯ ಮೇಲೆ ಹಾಡುವ, ಮರೆಯಲ್ಲಿ ರಾಕ್ಷಸರನ್ನು ಬೇಟೆಯಾಡುವ ಮೂವರು ಹುಡುಗಿಯರಲ್ಲಿ ಅವಳೊಬ್ಬಳು. ಅವಳ ತಂದೆಯೇ ರಾಕ್ಷಸ ಎಂಬುದು ಜೊತೆಗಾತಿಯರಿಗೆ ಗೊತ್ತಿಲ್ಲ.

ಚಿತ್ರ 2025ರ ಜೂನ್ 20ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಮ್ಯಾಗಿ ಕಾಂಗ್ ಮತ್ತು ಕ್ರಿಸ್ ಆಪಲ್‌ಹನ್ಸ್ ನಿರ್ದೇಶಿಸಿದ ಈ ಚಿತ್ರವನ್ನು ಮಕ್ಕಳು ಹಾಡಿಗಾಗಿ ಮತ್ತೆ ಮತ್ತೆ ನೋಡುತ್ತಾರೆ. ದೊಡ್ಡವರು ಒಮ್ಮೆ ನಾಚಿಕೆಯ ಪಾಠವಾಗಿ ನೋಡಬೇಕು. ನಾಚಿಕೆ ಹೇಗೆ ಹುಟ್ಟುತ್ತದೆ, ಯಾರು ಅದಕ್ಕೆ ನೀರೆರೆಯುತ್ತಾರೆ, ಗಂಟಲಿಗೆ ಹೇಗೆ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ತೋರಿಸಿದ ಚಿತ್ರಗಳು ಕಡಿಮೆ. ಮುಂದೆ ಕಥೆಯ ಕೊನೆಯೂ ಬರುತ್ತದೆ. ಚಿತ್ರ ನೋಡಿಲ್ಲದವರು ನೋಡಿಕೊಂಡು ಬಂದು ಓದಿದರೆ ಚೆನ್ನ.

ಆ ಪಾಠವನ್ನು ನಮ್ಮದೇ ನಾಚಿಕೆಯ ಮೇಲೆ ಹಂತ ಹಂತವಾಗಿ ಮಾಡಿನೋಡಲು ಬೇಕಾಗುವುದು ಒಂದು ನೋಟ್‌ಬುಕ್, ಪೆನ್ನು, ಸುಮಾರು ಒಂದು ತಿಂಗಳು, ಮತ್ತು ನೋಟ್‌ಬುಕ್ ಇಡಲು ಬೇರೆಯವರ ಕೈಗೆ ಸಿಗದ ಜಾಗ. ಈ ಕೊನೆಯದು ಸಿಗದಿದ್ದರೆ ಬರೆದದ್ದನ್ನು ಅಂದಂದೇ ಹರಿದುಹಾಕಿ. ಮುಂದೆ ಬರುವ ಏಳು ದಿನದ ಲೆಕ್ಕ ಮಾತ್ರ ಉಳಿಸಿಕೊಂಡರೆ ಸಾಕು.

ಮೊದಲು ವಿಂಗಡಿಸಿ: ಇದು ಗುರುತೋ, ತಪ್ಪೋ?

ಕನ್ನಡದಲ್ಲಿ ನಾಚಿಕೆ, ಸಂಕೋಚ, ಮುಜುಗರ, ಕೀಳರಿಮೆ, ಅವಮಾನ ಎಂದು ಹತ್ತು ಹೆಸರುಗಳಿವೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಚೀಲ ಎತ್ತಲಾಗುವುದಿಲ್ಲ. ಅಮೆರಿಕದ ಮನೋವಿಶ್ಲೇಷಕಿ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ಮಾಡಿದ ವಿಂಗಡಣೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ. 'ನಾನು ಕೆಟ್ಟದ್ದು ಮಾಡಿದೆ' ಎಂಬುದು ತಪ್ಪಿನ ಅರಿವು. 'ನಾನೇ ಕೆಟ್ಟವನು' ಎಂಬುದು ನಾಚಿಕೆ.

ಚಿತ್ರದಲ್ಲಿ ಇವೆರಡಕ್ಕೂ ಒಂದೊಂದು ಪಾತ್ರವಿದೆ. ರೂಮಿ ಏನೂ ಮಾಡಿಲ್ಲ, ಗೆರೆಗಳ ಜೊತೆಗೇ ಹುಟ್ಟಿದವಳು. ಮನುಷ್ಯನಾಗಿದ್ದು ರಾಕ್ಷಸನಾದ ಜಿನು ಮಾಡಿದ್ದಾನೆ. ನಾನೂರು ವರ್ಷಗಳ ಹಿಂದೆ ಬಡತನ ತಾಳಲಾರದೆ ರಾಕ್ಷಸರ ಒಡೆಯ ಗ್ವಿಮಾನ ಜೊತೆ ಒಪ್ಪಂದ ಮಾಡಿಕೊಂಡು, ಕಂಠ ಪಡೆದು ಅರಮನೆ ಸೇರಿದ. ತಾಯಿ, ತಂಗಿಯನ್ನು ಹೊರಗೆ ಬಿಟ್ಟ. ಇಬ್ಬರ ಮೈಮೇಲೂ ಒಂದೇ ಬಗೆಯ ಗೆರೆ ಇದ್ದರೂ ಇಬ್ಬರಿಗೂ ಒಂದೇ ಮದ್ದು ಆಗದು.

ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ 'ನಾನು ಮಾಡಿದ್ದು', ಬಲಕ್ಕೆ 'ನಾನು ಆಗಿರುವುದು, ನನಗೆ ಆದದ್ದು'. ಉಗ್ಗು, ತೊನ್ನು, ಅಪ್ಪನ ಕುಡಿತ, ಬಡತನ, ಜಾತಿ, ಕೂಡಿಬಾರದ ಮದುವೆ, ಇಂಗ್ಲಿಷ್ ಬಾರದಿರುವುದು, ಇವೆಲ್ಲ ಬಲಗಡೆಗೆ ಹೋಗುತ್ತವೆ. ಗೆಳೆಯನ ಸಾಲ ತೀರಿಸದೆ ಫೋನ್ ಎತ್ತುವುದನ್ನು ಬಿಟ್ಟಿದ್ದರೆ ಅದು ಎಡಗಡೆ. ಚಿಕ್ಕಂದಿನಲ್ಲಿ ಯಾರಾದರೂ ನಿಮ್ಮ ಮೈಮುಟ್ಟಿ ಹಿಂಸೆ ಮಾಡಿದ್ದರೆ ಅದು ನಿಮಗೆ ಆದದ್ದು, ಬಲಗಡೆ. ಅದನ್ನು ಎಡಗಡೆ ಬರೆಯಲು ಕೈ ಎಳೆಯುತ್ತದೆ. ಬರೆಯಬೇಡಿ.

ಎಡಗಡೆಯದಕ್ಕೆ ಮದ್ದು ಕ್ಷಮೆ ಮತ್ತು ನಷ್ಟ ತುಂಬಿಕೊಡುವುದು. 'ನಾನಿರುವುದೇ ಹೀಗೆ' ಎಂದು ಅದನ್ನು ಎದೆಯುಬ್ಬಿಸಿ ತೋರಿಸುವುದಲ್ಲ. ಬಲಗಡೆಯದಕ್ಕೆ ಕ್ಷಮೆ ಕೇಳುವ ಅಗತ್ಯವೇ ಇಲ್ಲ.

ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಜಿನು ಮಾಡುವಂಥದ್ದು. ಮೊದಲ ಸಲ ರೂಮಿಗೆ ಕಥೆ ಹೇಳುವಾಗ ಮನೆಯವರಿಗಾಗಿಯೇ ಒಪ್ಪಂದ ಮಾಡಿಕೊಂಡೆ ಎನ್ನುತ್ತಾನೆ. ಅವರನ್ನು ಕೈಬಿಟ್ಟದ್ದನ್ನು ನುಂಗಿಕೊಳ್ಳುತ್ತಾನೆ. ಆ ಅರ್ಧ ಕಥೆ ಅವನ ಭಾರ ಇಳಿಸುವುದಿಲ್ಲ. ಮುಚ್ಚಿಟ್ಟ ಅರ್ಧವೇ ಗ್ವಿಮಾನ ಕೈಯಲ್ಲಿ ಹಗ್ಗವಾಗಿ ಉಳಿಯುತ್ತದೆ. ನಿಮ್ಮ ಎಡಗಡೆಯ ಸಾಲನ್ನು ಮತ್ತೆ ಓದಿ, ಅದರಿಂದ ನೋವುಂಡವರ ಹೆಸರು ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ಬರೆದದ್ದು ಅರ್ಧ.

ಎರಡೂ ಬೆರೆತ ಪ್ರಸಂಗಗಳಿವೆ, ರೂಮಿಯದೇ ಅಂಥದ್ದು. ಗೆರೆಗಳು ಬಲಗಡೆ. ಜೀವದ ಗೆಳತಿಯರಿಗೆ ವರ್ಷಗಟ್ಟಲೆ ಸುಳ್ಳು ಹೇಳಿದ್ದು ಎಡಗಡೆ. ಒಂದೇ ವಿಷಯ ಎರಡು ಸಾಲಾಗಿ ಒಡೆದರೆ ಗಾಬರಿಯಾಗಬೇಡಿ. ಒಡೆದದ್ದು ಒಳ್ಳೆಯದೇ.

ಏಳು ದಿನದ ಲೆಕ್ಕ

ಮುಚ್ಚಿಡುವುದು ಪುಕ್ಕಟೆ ಎಂದುಕೊಂಡಿರುತ್ತೇವೆ. ಒಂದು ವಾರ ಲೆಕ್ಕ ಬರೆದರೆ ಗೊತ್ತಾಗುತ್ತದೆ. ದಿನಕ್ಕೆ ಎರಡು ಸಂಖ್ಯೆ ಸಾಕು: ಯಾರಿಂದಲೋ ನಿಜವಾಗಿ ಮುಚ್ಚಿಟ್ಟದ್ದು ಎಷ್ಟು ಸಲ, ಎದುರಿಗೆ ಯಾರೂ ಇಲ್ಲದಾಗಲೂ ಅದೇ ವಿಷಯ ತಲೆಯಲ್ಲಿ ಸುತ್ತಿದ್ದು ಎಷ್ಟು ಸಲ. ಎರಡನೆಯದನ್ನು ಬಿಡಬೇಡಿ. ಗುಟ್ಟುಗಳ ಬಗ್ಗೆ ಮನಶ್ಶಾಸ್ತ್ರಜ್ಞ ಮೈಕಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡದ್ದು ಇದೇ. ಜನ ತಮ್ಮ ಗುಟ್ಟನ್ನು ಇನ್ನೊಬ್ಬರ ಎದುರು ಮರೆಮಾಚುವುದಕ್ಕಿಂತ ಹೆಚ್ಚು ಸಲ ಒಬ್ಬರೇ ಇದ್ದಾಗ ಅದನ್ನು ಮೆಲುಕುಹಾಕುತ್ತಾರೆ, ನೆಮ್ಮದಿ ಕೆಡಿಸುವುದೂ ಆ ಮೆಲುಕೇ.

ದೊಡ್ಡ ಸುಳ್ಳುಗಳನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಬಿಸಿಲಲ್ಲೂ ತುಂಬುತೋಳಿನ ಅಂಗಿ, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು, 'ಮನೆಗೆ ಬನ್ನಿ' ಎನ್ನದೆ ಹೋಟೆಲಿನಲ್ಲೇ ಭೇಟಿ, ಅಮ್ಮನ ಫೋನ್ ಬಂದರೆ ಆಫೀಸಿನವರಿಗೆ ಭಾಷೆ ಕೇಳಿಸದಂತೆ ಹೊರಗೆ ಓಡುವುದು, ಇವೆಲ್ಲ ಸೇರಬೇಕು. ರೂಮಿಯ ಸ್ನಾನಗೃಹದ ನೆಪವೂ ಇಂಥ ಸಣ್ಣ ಖರ್ಚೇ. ಅಂಥ ಒಂದೊಂದು ನೆಪಕ್ಕೂ ಗೆಳತಿಯರ ಜೊತೆಗಿನ ಒಂದೊಂದು ಸಂಜೆ ಕಳೆದುಹೋಗಿದೆ.

ಏಳನೆಯ ದಿನ ಆ ಪಟ್ಟಿ ಎದುರಿಟ್ಟುಕೊಂಡು 'ಆಮೇಲೆ' ಎಂಬ ಪದ ಎಲ್ಲಿ ಬರುತ್ತದೆ ಹುಡುಕಿ. ಕೆಲಸ ಸಿಕ್ಕಮೇಲೆ, ತೂಕ ಇಳಿದಮೇಲೆ, ತಂಗಿಯ ಮದುವೆ ಮುಗಿದಮೇಲೆ. ರೂಮಿಯ 'ಆಮೇಲೆ'ಗೆ ಒಂದು ಹೆಸರಿದೆ, ಬಂಗಾರದ ಹೊನ್‌ಮುನ್. ಹಾಡಿನಿಂದ ನೇಯ್ದ ಆ ರಕ್ಷಣೆಯ ಬಲೆ ಒಮ್ಮೆ ಬಂಗಾರವಾಗಿಬಿಟ್ಟರೆ ರಾಕ್ಷಸರ ಕಾಟ ತೀರುತ್ತದೆ, ಗೆರೆಗಳೂ ಅಳಿಸಿಹೋಗುತ್ತವೆ, ಆಗ ಯಾರಿಗೂ ಏನೂ ಹೇಳಬೇಕಾಗುವುದೇ ಇಲ್ಲ ಎಂಬುದು ಅವಳ ಎಣಿಕೆ. ಅಷ್ಟರಲ್ಲಿ ಗೆರೆಗಳು ಗಂಟಲಿಗೇ ಹಬ್ಬುತ್ತವೆ. ಅಡಗಿಕೊಂಡಿದ್ದು ಸಾಕು ಎಂದು ಸಾರುವ ಹಾಡನ್ನು ಹಾಡಬೇಕಾದ ದನಿಯೇ ಒಡೆಯುತ್ತದೆ. ನಿಮ್ಮ 'ಆಮೇಲೆ'ಯ ಪಕ್ಕದಲ್ಲಿ ಅದನ್ನು ಮೊದಲ ಸಲ ಅಂದುಕೊಂಡ ವರ್ಷವನ್ನು ಬರೆಯಿರಿ. ಎರಡು ವರ್ಷ ದಾಟಿದ್ದರೆ ಅದನ್ನು ಯೋಜನೆ ಎಂದು ಕರೆಯುವುದನ್ನು ನಿಲ್ಲಿಸಿ.

ಯಾರ ಮಾತು ಅದು?

ಗ್ವಿಮಾ ಕಿವಿಯಲ್ಲಿ ಪಿಸುಗುಟ್ಟುತ್ತಾನೆ. ಮೀರಾಳಿಗೆ ಹೇಳುವುದು ಮನೆ, ಕುಟುಂಬ ಎಂಬುದಕ್ಕೆ ನೀನು ಅರ್ಹಳೇ ಅಲ್ಲ ಎಂದು. ಜೋಯಿಗೆ, ನೀನು ಅತಿಯಾದವಳೂ ಹೌದು, ಸಾಲದವಳೂ ಹೌದು ಎಂದು. ಗಮನಿಸಿ, ಗೆರೆಗಳೇ ಇಲ್ಲದವರಿಗೂ ಪಿಸುಮಾತು ಇದೆ. ಮತ್ತು ಅದು ಮಾತಾಡುವುದು 'ನಾನು' ಎಂದಲ್ಲ, 'ನೀನು' ಎಂದು.

ನಿಮ್ಮೊಳಗಿನ ಪಿಸುಮಾತನ್ನು ಕೇಳಿಸಿದ ಹಾಗೆಯೇ ಬರೆದಿಡಿ, ಸಭ್ಯಗೊಳಿಸಬೇಡಿ. 'ನಿನ್ನಂಥವಳನ್ನ ಯಾರು ಮಾಡ್ಕೋತಾರೆ', 'ನಾಲ್ಕು ಜನರೆದುರು ಬಾಯಿ ಬಿಡಬೇಡ', 'ನಮ್ಮ ಮನೆ ಮಾನ ಕಳೀಬೇಡ'. ಬರೆದು ಗಟ್ಟಿಯಾಗಿ ಓದಿದರೆ ಹೆಚ್ಚಿನ ಸಲ ಒಂದು ದನಿ, ಒಂದು ಮುಖ ನೆನಪಾಗುತ್ತದೆ. ಅತ್ತೆ, ಮೇಷ್ಟ್ರು, ಅಣ್ಣ, ಅಜ್ಜಿ.

ರೂಮಿಯ ವಿಷಯದಲ್ಲಿ ಆ ಮುಖ ಸೆಲೀನ್‌ಳದು. ಅವಳು ಕೆಟ್ಟವಳಲ್ಲ. ಸತ್ತುಹೋದ ತನ್ನ ಜೊತೆಗಾತಿಯ ಮಗಳಾದ ರೂಮಿಯನ್ನು ಎದೆಗವಚಿ ಬೆಳೆಸಿದವಳು. ದೋಷವನ್ನೂ ಭಯವನ್ನೂ ಯಾರಿಗೂ ಕಾಣಿಸಬಾರದು ಎಂದು ಕಲಿಸಿದ್ದು ಪ್ರೀತಿಯಿಂದಲೇ, ಭಯದಿಂದಲೇ. ನಮ್ಮ ಮನೆಗಳಲ್ಲೂ 'ಹೊರಗೆ ಹೇಳಬೇಡ' ಎಂದವರು ಬಹುಪಾಲು ಹಾಗೆಯೇ. ಆದ್ದರಿಂದ ಅವರನ್ನು ಬಯ್ಯುವುದು ಈ ಹಂತದ ಕೆಲಸವಲ್ಲ. ಕೇಳಬೇಕಾದದ್ದು ಎರಡು. ಆಗ ಅವರು ಯಾವ ಅಪಾಯಕ್ಕೆ ಹೆದರಿದ್ದರು? ಆ ಅಪಾಯ ಈಗಲೂ ಇದೆಯೇ?

ಉತ್ತರ 'ಇದೆ' ಎಂದೇ ಬರಬಹುದು. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರದಬ್ಬುತ್ತಾರೆ, ಬಾಡಿಗೆ ಮನೆ ಅಥವಾ ಕೆಲಸ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ಇರುವವರು ಮುಚ್ಚಿಡುವುದು ಹೇಡಿತನವಲ್ಲ. ಜಾತಿ, ಎಚ್‌ಐವಿ, ಯಾರನ್ನು ಪ್ರೀತಿಸುತ್ತೇವೆ ಎಂಬ ವಿಷಯಗಳಲ್ಲಿ ಇದು ನಿಜವಾದ ಲೆಕ್ಕ. ಅಂಥವರು ಕಾಲಡಿಯ ನೆಲ ಗಟ್ಟಿಯಾಗುವವರೆಗೆ ಮುಂದಿನ ಹಂತಗಳಲ್ಲಿ ಬರೆಯುವುದನ್ನೂ ಒಬ್ಬರಿಗೆ ಹೇಳುವುದನ್ನೂ ಮಾತ್ರ ಇಟ್ಟುಕೊಳ್ಳಿ. ಹಾಗಿದ್ದಾಗ 'ಆಮೇಲೆ' ಎಂಬುದು ನೆಪವಲ್ಲ.

ನಾಲ್ಕು ದಿನ, 15 ನಿಮಿಷ

ಹೇಳುವ ಮೊದಲು ಬರೆಯಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ ಕ್ರಮ ಸರಳ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಹೆಚ್ಚು ಕಲಕಿದ ವಿಷಯದ ಬಗ್ಗೆ ಪೆನ್ನು ಎತ್ತದೆ ಬರೆಯುವುದು. ಕಾಗುಣಿತ, ವ್ಯಾಕರಣ ನೋಡುವಂತಿಲ್ಲ. ನಡೆದದ್ದು ಮತ್ತು ಅನಿಸಿದ್ದು ಎರಡೂ ಇರಬೇಕು. ನಡೆದದ್ದು ಮಾತ್ರ ಬರೆದರೆ ಪಂಚನಾಮೆಯಾಗುತ್ತದೆ, ಅನಿಸಿದ್ದು ಮಾತ್ರ ಬರೆದರೆ ಗೋಳಾಗುತ್ತದೆ.

ಬರೆದ ಕೂಡಲೇ ಹಗುರಾಗುವುದಿಲ್ಲ. ಮೊದಲೆರಡು ದಿನ ಮನಸ್ಸು ಇನ್ನಷ್ಟು ಕುಗ್ಗುವುದು ಸಾಮಾನ್ಯ, ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ರಾತ್ರಿ ಮಲಗುವ ಮುಂಚೆ ಬೇಡ, ಸಂಜೆ ಬರೆದು ಆಮೇಲೆ ಒಂದು ಸುತ್ತು ನಡೆದುಬನ್ನಿ. ತೀರಾ ಹೊಸ ಗಾಯವಾಗಿದ್ದರೆ, ಅಥವಾ ಬರೆಯುವಾಗ ಮೈ ನಡುಗಿ ಆ ಘಟನೆ ಕಣ್ಣೆದುರೇ ಮತ್ತೆ ನಡೆದಂತಾದರೆ, ನಿಲ್ಲಿಸಿ. ಅದನ್ನು ಬಿಚ್ಚಬೇಕಾದದ್ದು ತರಬೇತಿ ಇರುವವರ ಜೊತೆ ಕೂತು.

ಒಬ್ಬರಿಗೆ ಹೇಳುವುದು

ಕೆಲಸದ ತಿರುಳು ಇರುವುದು ಇಲ್ಲಿ.

ಒಡೆದ ದನಿಗೆ ರೂಮಿ ಮದ್ದು ಹುಡುಕಿಕೊಂಡು ಹೋಗುತ್ತಾಳೆ. ಆದರೆ ದನಿ ಮರಳುವುದು ಜಿನು ಜೊತೆ ಮಾತಾಡತೊಡಗಿದ ಮೇಲೆ. ಅವನ ಎದುರು ಮುಚ್ಚಿಡುವ ಶ್ರಮವಿಲ್ಲ, ಅವನ ಮೈಮೇಲೂ ಅದೇ ಗೆರೆ. ಹೀಗಾಗಿ ಮೊದಲ ಕಿವಿ ಅದೇ ಗುರುತು ಇರುವವರದಾದರೆ ಹೇಳುವುದು ಅರ್ಧಕ್ಕರ್ಧ ಸಲೀಸು. ಉಗ್ಗು ಇರುವವರಿಗೆ ಉಗ್ಗು ಇರುವವರು, ಕುಡುಕರ ಮನೆಯವರಿಗೆ ಅಂಥದೇ ಮನೆಯಿಂದ ಬಂದವರು.

ಆದರೆ ಇದೇ ಜಿನು ಮುಂದೆ ಮೋಸವನ್ನೂ ಮಾಡುತ್ತಾನೆ. ಗುರುತು ಒಂದೇ ಆದ ಮಾತ್ರಕ್ಕೆ ನಂಬಿಕೆಗೆ ತಕ್ಕವರಾಗುವುದಿಲ್ಲ. ಜಿನುಗೆ ಗ್ವಿಮಾನ ಹಂಗಿತ್ತು. ಆದ್ದರಿಂದ ಹಂಗಿನಲ್ಲಿರುವವರನ್ನು, ನಿಮ್ಮ ಗುಟ್ಟಿನಿಂದ ಲಾಭವಾಗುವವರನ್ನು ಬಿಡಿ. ನಿಮ್ಮೆದುರು ಇನ್ನೊಬ್ಬರ ಗುಟ್ಟು ಹೇಳುವವರನ್ನೂ ಬಿಡಿ, ನಾಳೆ ಅವರ ಬಾಯಲ್ಲಿ ನಿಮ್ಮದಿರುತ್ತದೆ. ಸುದ್ದಿ ಕೇಳಿ ತಾವೇ ಅತ್ತು, ನೀವೇ ಅವರನ್ನು ಸಮಾಧಾನ ಮಾಡಬೇಕಾಗುವಂಥವರು ಮೊದಲ ಕಿವಿಯಾಗಬಾರದು. ಹೀಗೆಂದಾಗ ಎಷ್ಟೋ ಸಲ ಹೆತ್ತ ತಾಯಿಯೇ ಪಟ್ಟಿಯಿಂದ ಹೊರಗುಳಿಯುತ್ತಾರೆ. ಬೇಸರ ಬೇಡ, ಅವರ ಸರದಿ ಎರಡನೆಯದೋ ಮೂರನೆಯದೋ ಆಗಲಿ. ಉಳಿದವರಲ್ಲಿ ಒಬ್ಬರಿಗೆ ಮೊದಲು ಒಂದು ಸಣ್ಣ ವಿಷಯ ಹೇಳಿ ಎರಡು ವಾರ ಕಾಯಿರಿ. ಅದು ಸುತ್ತಿಬಳಸಿ ನಿಮ್ಮ ಕಿವಿಗೇ ಬರದಿದ್ದರೆ ದೊಡ್ಡದನ್ನು ಹೇಳಬಹುದು.

ಎದುರು ಬದುರು ಕೂತು ಹೇಳುವುದಕ್ಕಿಂತ ಅಕ್ಕಪಕ್ಕ ನಡೆಯುತ್ತಾ ಹೇಳುವುದು ಸುಲಭ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಅರ್ಧ ಗಂಟೆ ಬಿಡುವಿರಲಿ. ವಾಟ್ಸಾಪ್‌ನಲ್ಲಿ ಬೇಡ. ಬರೆದದ್ದು ಸ್ಕ್ರೀನ್‌ಶಾಟ್ ಆಗಿ ಉಳಿಯುತ್ತದೆ, ನೀಲಿ ಟಿಕ್ ಬಂದು ಉತ್ತರ ಬಾರದ ಹತ್ತು ನಿಮಿಷ ನರಕವಾಗುತ್ತದೆ. ಮದುವೆಮನೆ, ಹಬ್ಬದ ದಿನ, ಜಗಳದ ನಡುವೆ, ಕುಡಿದಾಗ ಹೇಳಲೇಬೇಡಿ.

ಮೂರು ವಾಕ್ಯ ಸಾಕು: ಏನು, ಎಂದಿನಿಂದ, ನಿಮ್ಮಿಂದ ಏನು ಬೇಕು. ಉದಾಹರಣೆಗೆ, 'ಅಕ್ಕಾ, ನಾನು ಡಿಗ್ರಿ ಮುಗಿಸಿಲ್ಲ, ಎರಡು ಪೇಪರ್ ಹಾಗೇ ಉಳಿದಿವೆ. ಆರು ವರ್ಷದಿಂದ ಎಲ್ಲರಿಗೂ ಪಾಸಾಗಿದೆ ಅಂತಾನೇ ಹೇಳ್ಕೊಂಡು ಬಂದಿದ್ದೀನಿ. ಈಗೇನೂ ಮಾಡ್ಬೇಡಿ, ಕೇಳಿಸ್ಕೊಂಡ್ರೆ ಸಾಕು.' ಮೂರನೆಯ ವಾಕ್ಯ ಬಿಟ್ಟರೆ ಕೇಳಿದವರು ತಕ್ಷಣ ಪರಿಹಾರಕ್ಕಿಳಿಯುತ್ತಾರೆ, ನೀವು ಮತ್ತೆ ಪರೀಕ್ಷೆಯ ಹುಡುಗನಾಗುತ್ತೀರಿ.

ಹೇಳಿದ ಕೂಡಲೇ 'ಆದ್ರೆ ಸರಿ ಮಾಡ್ಕೋತೀನಿ' ಎಂದು ಸೇರಿಸುವ ಚಪಲವನ್ನು ಹಿಡಿದಿಡಿ. ಗುಟ್ಟು ಬಯಲಾದ ಮೇಲೆ ವೇದಿಕೆಯ ಹಿಂದೆ ರೂಮಿ ಗೆಳತಿಯರನ್ನು ಬೇಡಿಕೊಳ್ಳುವುದು ಹಾಗೆಯೇ: ಎಲ್ಲ ಸರಿಮಾಡುವ ಯೋಜನೆ ಇತ್ತು, ಗೆರೆಗಳು ಹೋಗಬೇಕಿತ್ತು ಎಂದು. ತಪ್ಪನ್ನು ಸರಿ ಮಾಡಬೇಕು, ಹೌದು. ಹುಟ್ಟಿನ ಗುರುತನ್ನು ಸರಿ ಮಾಡುತ್ತೇನೆ ಎಂದರೆ ಅದು ತಪ್ಪೆಂದು ನೀವೇ ಒಪ್ಪಿಕೊಂಡಂತೆ.

ಮೊದಲ ಪ್ರತಿಕ್ರಿಯೆ ಕೊನೆಯದಲ್ಲ. ಆ ಕ್ಷಣ ಮೀರಾ, ಜೋಯಿ ಅವಳೆದುರು ಆಯುಧ ಹಿಡಿದು ನಿಲ್ಲುತ್ತಾರೆ. ಚಿತ್ರ ಮುಗಿಯುವಾಗ ಅವಳ ಪಕ್ಕದಲ್ಲಿರುತ್ತಾರೆ. ಅವರನ್ನು ಹೆಚ್ಚು ಇರಿದದ್ದು ಗೆರೆಗಳಲ್ಲ, ಇಷ್ಟು ವರ್ಷ ಮುಚ್ಚಿಟ್ಟಳಲ್ಲ ಎಂಬುದು. 'ನನಗೂ ಹೇಳಲಿಲ್ಲವಾ' ಎಂದು ನಿಮ್ಮವರು ಮುನಿಸಿಕೊಂಡರೆ ಅದಕ್ಕೆ ಬೇರೆಯಾಗಿಯೇ ಕ್ಷಮೆ ಕೇಳಿ: 'ನಿನಗೆ ಸುಳ್ಳು ಹೇಳಿದ್ದು ತಪ್ಪು. ನಾನು ಹೀಗಿರುವುದು ತಪ್ಪಲ್ಲ.' ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ಆದರೆ ಎರಡನ್ನೂ ಕಲಸಬೇಡಿ. ಒಂದು ವಾರ ಬಿಡುವು ಕೊಟ್ಟು ಮತ್ತೆ ನೀವಾಗಿಯೇ ಮಾತಾಡಿಸಿ.

ಹತ್ತಾರು ಜನರ ಎದುರು

ಎಲ್ಲರಿಗೂ ಹೇಳಲೇಬೇಕೆಂಬ ನಿಯಮವಿಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ. ಮೂವರಿಗೆ ಹೇಳಿ ಹಗುರಾದ ಹುಮ್ಮಸ್ಸಿನಲ್ಲಿ ಫೇಸ್‌ಬುಕ್‌ಗೆ ಹಾಕಿ ಮರುದಿನ ಅಳಿಸುತ್ತಾರೆ. ರೂಮಿಯ ಗೆರೆಗಳು ಎರಡು ಸಲ ಜನಸಾಗರದ ಎದುರು ಕಾಣುತ್ತವೆ. ಮೊದಲ ಸಲ ಗೆಳತಿಯರ ವೇಷದ ರಾಕ್ಷಸರು ವೇದಿಕೆಯ ಮೇಲೆ ಬಯಲುಮಾಡುತ್ತಾರೆ, ಅವಳು ಕುಸಿಯುತ್ತಾಳೆ. ಎರಡನೆಯ ಸಲ ತಾನೇ ನಡೆದುಬಂದು ಏನನ್ನೂ ಮುಚ್ಚದೆ ಹಾಡುತ್ತಾಳೆ. ಗೆರೆಗಳು ಅವೇ. ಬಟ್ಟೆ ಸರಿಸಿದ ಕೈ ಬೇರೆ. ಹಾಗಾಗಿ ನಿಮ್ಮ ವೇಳೆಯನ್ನು ಇನ್ನೊಬ್ಬರ ಉತ್ಸಾಹಕ್ಕೆ ಒಪ್ಪಿಸಬೇಡಿ, ಇನ್ನೊಬ್ಬರ ಗುಟ್ಟನ್ನು 'ಒಳ್ಳೆಯದಕ್ಕೇ' ಎಂದು ನೀವೂ ಬಯಲುಮಾಡಬೇಡಿ.

ಬಾಯಿ ಬಿಟ್ಟು ಹೇಳದೆಯೂ ಮಾಡಬಹುದಾದ ಮೊದಲ ಕೆಲಸವೊಂದಿದೆ. ರಾಕ್ಷಸರ ಮೇಲೆ ದ್ವೇಷ ಕಾರುವ ಹಾಡೊಂದನ್ನು ಮೂವರೂ ಸೇರಿ ಕಟ್ಟುವಾಗ ಆ ಸಾಲುಗಳು ರೂಮಿಯ ಬಾಯಲ್ಲಿ ಹೊರಳುವುದಿಲ್ಲ. ನಿಮ್ಮಂಥವರನ್ನೇ ಆಡಿಕೊಳ್ಳುವ ಮಾತು ಬಂದಾಗ, ಸಿಕ್ಕಿಬೀಳಬಾರದೆಂದು ನೀವೂ ಎಲ್ಲರ ಜೊತೆ ನಗುತ್ತಿದ್ದರೆ, ಆ ನಗುವನ್ನು ಮೊದಲು ನಿಲ್ಲಿಸಿ. ವಾದ ಬೇಡ, ಸುಮ್ಮನೆ ನಗದಿರಿ. ಎರಡು ವಾರ ಇದೊಂದೇ ಸಾಕು.

ಕಾಣುವ ಗುರುತಾದರೆ ಮೆಟ್ಟಿಲು ಕಟ್ಟಿಕೊಳ್ಳಿ. ತೊನ್ನಿನ ಕಲೆ ಮೊಣಕೈ ಮೇಲಿದ್ದರೆ, ತೋಳು ಮಡಚಿ ಪರಿಚಯವಿಲ್ಲದ ಬಡಾವಣೆಯ ಅಂಗಡಿಗೆ 10 ನಿಮಿಷ ಹೋಗಿಬನ್ನಿ. ಅದು ಸಲೀಸಾಗುವವರೆಗೆ ಮೂರ್ನಾಲ್ಕು ಸಲ ಮಾಡಿ ನಿಮ್ಮ ಬೀದಿಯ ಅಂಗಡಿ, ಆಮೇಲೆ ಆಫೀಸು, ಕೊನೆಗೆ ನೆಂಟರ ಮನೆ. ಯಾರಾದರೂ ಕೇಳಿದರೆ ಹೇಳುವ ವಾಕ್ಯ ಸಿದ್ಧವಿರಲಿ: 'ತೊನ್ನು, ಮುಟ್ಟಿದರೆ ಹರಡಲ್ಲ.' ಒಂದು ಮೆಟ್ಟಿಲಲ್ಲಿ ಎದೆ ಹೊಡೆದುಕೊಂಡರೆ ಓಡಿಬರಬೇಡಿ, ಅಲ್ಲೇ ನಿಂತು ಬಡಿತ ತಗ್ಗಿದ ಮೇಲೆ ಹೊರಡಿ. ಬಡಿತ ಜೋರಾಗಿದ್ದಾಗಲೇ ಓಡಿದರೆ ಓಡಿದ್ದರಿಂದಲೇ ಬದುಕಿದೆ ಎಂದು ಮೈ ಕಲಿಯುತ್ತದೆ.

ಎಲ್ಲರೂ ನೋಡುತ್ತಾರೆ ಎಂಬ ಅಂದಾಜೂ ಹೆಚ್ಚಾಗಿ ಉಬ್ಬಿದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಜುಗರದ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ತುಂಬಿದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬೇಕು ಎಂದು ತೊಟ್ಟವರ ಊಹೆ. ಗಮನಿಸಿದ್ದು ಸುಮಾರು ಕಾಲು ಭಾಗ.

ಕೇಳುವವರಾಗಿದ್ದರೆ

ರೂಮಿ ಬಯಲಾದ ಗೆರೆಗಳೊಂದಿಗೆ ಸೆಲೀನ್ ಬಳಿಗೇ ಓಡುತ್ತಾಳೆ. ಸೆಲೀನ್ ಅವಳನ್ನು ನೇರ ನೋಡಲಾರಳು. ಇನ್ನೂ ಮುಚ್ಚಬಹುದು, ಸರಿಮಾಡಬಹುದು ಎನ್ನುತ್ತಾಳೆ. ಪ್ರೀತಿ ಇದ್ದೂ ಕಣ್ಣು ತಪ್ಪಿಸಿದ ಆ ನಾಲ್ಕು ಕ್ಷಣ ಇಡೀ ಚಿತ್ರದ ಅತ್ಯಂತ ಕಠಿಣ ದೃಶ್ಯ. ಮಗಳೋ ತಮ್ಮನೋ ನಿಮ್ಮ ಬಳಿ ಬಾಯಿ ಬಿಟ್ಟಾಗ ಕೈಲಿರುವ ಮೊಬೈಲ್ ಕೆಳಗಿಟ್ಟು ಮುಖ ನೋಡಿ. 'ಯಾರಿಗಾದ್ರೂ ಹೇಳಿದ್ದೀಯಾ?' ಎಂಬುದು ಮೊದಲ ಪ್ರಶ್ನೆಯಾಗಬಾರದು. 'ಹೇಳಿದ್ದು ಒಳ್ಳೇದಾಯ್ತು. ಇಷ್ಟು ದಿನ ಒಬ್ಬನೇ ಹೊತ್ಕೊಂಡಿದ್ಯಾ?' ಎಂದರೆ ಸಾಕು. ಸಲಹೆ ಮರುದಿನ.

ಅದೇ ದೃಶ್ಯದಲ್ಲಿ ರೂಮಿ ತನ್ನ ಕತ್ತಿಯನ್ನು ಸೆಲೀನ್‌ಗೆ ಒಡ್ಡಿ ತನ್ನನ್ನು ಮುಗಿಸಿಬಿಡು ಎನ್ನುತ್ತಾಳೆ. ನಾಚಿಕೆ ಅಲ್ಲಿಯವರೆಗೂ ಹೋಗುತ್ತದೆ. 'ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು' ಎಂಬ ಮಾತು ನಿಮ್ಮ ನೋಟ್‌ಬುಕ್‌ನಲ್ಲಿ ಬಂದಿದ್ದರೆ, ಅಥವಾ ಯಾರ ಬಾಯಿಂದಾದರೂ ಕೇಳಿದರೆ, ಈ ಹಂತಗಳನ್ನೆಲ್ಲ ಪಕ್ಕಕ್ಕಿಟ್ಟು 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ-ಮಾನಸ್. 2022ರ ಅಕ್ಟೋಬರ್‌ನಿಂದ ಹಗಲಿರುಳೂ ಇದೆ, ಕನ್ನಡದಲ್ಲಿ ಮಾತಾಡಬಹುದು, ಹಣವಿಲ್ಲ. ಅದರ ಮಾರ್ಗದರ್ಶಕ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಹಾಗೆ ಹೇಳಿದವರನ್ನು ಆ ರಾತ್ರಿ ಒಬ್ಬರೇ ಬಿಡಬೇಡಿ.

ಮೂವತ್ತನೆಯ ದಿನ

ಮೊದಲ ವಾರದ ಎರಡು ಸಂಖ್ಯೆಗಳನ್ನು ಇನ್ನೊಂದು ವಾರ ಬರೆದು ಹೋಲಿಸಿ. ಮುಚ್ಚಿಟ್ಟ ಸಲಗಳು ಅಷ್ಟೇ ಇದ್ದು, ಒಬ್ಬರೇ ಇದ್ದಾಗಿನ ಮೆಲುಕು ಕಡಿಮೆಯಾಗಿದ್ದರೆ ಕೆಲಸ ಸರಿಯಾದ ದಾರಿಯಲ್ಲಿದೆ. ಎರಡೂ ಏರಿದ್ದರೆ ಹೇಳಿದ ಕಿವಿ ತಪ್ಪಾಗಿರಬಹುದು, ಅಥವಾ ಎಡಗಡೆಯ ಒಂದು ಸಾಲು ಇನ್ನೂ ಕ್ಷಮೆ ಕೇಳದೆ ಉಳಿದಿರಬಹುದು. ಆ ಪುಟಕ್ಕೆ ಮರಳಿ ನೋಡಿ. ಗುರುತೇ ಮಾಯವಾಗಲಿಲ್ಲವಲ್ಲ ಎಂದು ಅಳೆಯಬೇಡಿ. ಚಿತ್ರದಲ್ಲೂ ಗೆರೆಗಳು ಹೋಗುವುದಿಲ್ಲ, ಬಣ್ಣ ಮಾತ್ರ ಬದಲಾಗುತ್ತದೆ. ಕೊನೆಗೆ ರೂಮಿ ಆ ಗೆರೆಗಳ ಸಮೇತ ಗೆಳತಿಯರ ನಡುವೆ ಸ್ನಾನಗೃಹದ ಬಿಸಿನೀರಿನಲ್ಲಿ ಕೂತಿರುತ್ತಾಳೆ.